ಬಹುಮಾನದ ದುಡ್ಡು, ಹಿಂದಿನ ಬೆಂಚಿನ ಮಕ್ಕಳು

2024ರ ಜೂನ್. ಶಾಲೆ ಶುರುವಾಗಿ ಇನ್ನೂ ವಾರ ಕಳೆದಿರಲಿಲ್ಲ. ಆರನೇ ದಿನ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವ ಲೆಕ್ಕ ಕಳಿಸುವ ಗಡಿಬಿಡಿ. ನಮ್ಮಲ್ಲಿ ಆ ದಿನದ ತಲೆಲೆಕ್ಕದ ಮೇಲೆ ಒಂದು ಡಿವಿಷನ್ ಉಳಿಯುತ್ತದೆ, ಇಲ್ಲವೇ ಹೋಗುತ್ತದೆ. ಡಿವಿಷನ್ ಹೋದರೆ ಟೀಚರ್ ಪೋಸ್ಟೂ ಅದರ ಜೊತೆ ಹೋಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಈ ಹೆದರಿಕೆ ಪ್ರತಿ ಜೂನ್‌ನಲ್ಲೂ ಇದ್ದದ್ದೇ. ಅಂಥ ಹೊತ್ತಿನಲ್ಲಿ ಪಿಟಿಎ (ಹೆತ್ತವರ ಮತ್ತು ಟೀಚರುಗಳ ಸಂಘ) ಅಧ್ಯಕ್ಷರು ಸ್ಟಾಫ್ ರೂಮಿಗೆ ಬಂದು ಒಂದು ಸುದ್ದಿ ಹೇಳಿದರು.

ನಮ್ಮ ಶಾಲೆಯಲ್ಲೇ ಓದಿ ಈಗ ಗಲ್ಫ್‌ನಲ್ಲಿರುವ ಕೆಲವರು ಸೇರಿ 30,000 ರೂಪಾಯಿ ಕೊಡುತ್ತಾರಂತೆ. ಯಾವ ಟೀಚರ ಕ್ಲಾಸಿನ ಫಲಿತಾಂಶ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೋ ಅವರಿಗೆ ಅಷ್ಟೂ ಹಣ ಬಹುಮಾನ.

ನಾನು ನಾಲ್ಕನೇ ಕ್ಲಾಸಿನ ಟೀಚರ್. ಎಲ್‌ಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಬರೆಯುವುದು ನನ್ನ ಕ್ಲಾಸಿನ ಮಕ್ಕಳು. ಹಿಂದಿನ ವರ್ಷ ಮೂವರಿಗೆ ಸಿಕ್ಕಿತ್ತು, ಶಾಲೆಯ ಗೇಟಿಗೆ ಫ್ಲೆಕ್ಸ್ ಕೂಡ ಹಾಕಿದ್ದರು. ಬಹುಮಾನ ನನಗೇ ಬರುತ್ತದೆ ಅಂತ ಅಲ್ಲಿ ಕುಳಿತಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಇದನ್ನು ಬರೆಯುವಾಗ ಈಗಲೂ ಮುಜುಗರವಾಗುತ್ತದೆ. ಆದರೆ ಇದನ್ನು ಬಿಟ್ಟರೆ ಮುಂದಿನದ್ದು ಅರ್ಥವಾಗುವುದಿಲ್ಲ.

ನಮ್ಮದು ಕುಂಬಳೆ–ಬದಿಯಡ್ಕ ರಸ್ತೆಯಿಂದ ಸ್ವಲ್ಪ ಒಳಗೆ ಇರುವ ಸರ್ಕಾರಿ ಯುಪಿ (ಹಿರಿಯ ಪ್ರಾಥಮಿಕ) ಶಾಲೆ. ಮಕ್ಕಳ ಮನೆಮಾತು ತುಳು, ಹವ್ಯಕ ಕನ್ನಡ, ಮರಾಠಿ, ಬ್ಯಾರಿ, ಮಲಯಾಳ, ಕೊಂಕಣಿ. ಒಂದೇ ಬೆಂಚಿನಲ್ಲಿ ಮೂರು ನಾಲ್ಕು ಭಾಷೆ. ಸಪ್ತಭಾಷೆಗಳ ನಾಡು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ, ನನಗೂ ಆ ಹೆಮ್ಮೆ ಇದೆ. ಅದರಿಂದ ಒಂದನೇ ಕ್ಲಾಸಿನ ಟೀಚರಿಗೆ ಎಷ್ಟು ಕೆಲಸ ಜಾಸ್ತಿಯಾಗುತ್ತದೆ ಅಂತ ಮಾತ್ರ ನಾನು ಅಷ್ಟು ವರ್ಷ ಯೋಚಿಸಿರಲಿಲ್ಲ.

ಆ ವಾರ ಟೀಚರುಗಳೆಲ್ಲ ಸೇರುವ ಎಸ್‌ಆರ್‌ಜಿ ಮೀಟಿಂಗಿನಲ್ಲಿ ಒಂದನೇ ಕ್ಲಾಸಿನ ಟೀಚರೇ ಬಾಯಿಬಿಟ್ಟರು. ಇಪ್ಪತ್ತು ವರ್ಷದಿಂದ ಸಣ್ಣ ಮಕ್ಕಳಿಗೇ ಕಲಿಸುತ್ತಿರುವವರು, ಮೀಟಿಂಗಿನಲ್ಲಿ ಮಾತು ಕಡಿಮೆ. ಅವತ್ತು ಕೇಳಿದರು: "ನನ್ನ ಮಕ್ಕಳು ಎಲ್‌ಎಸ್‌ಎಸ್ ಬರೆಯುವುದಿಲ್ಲ. ಹಾಗಾದರೆ ಈ ಬಹುಮಾನಕ್ಕೆ ನಾನು ಇಲ್ಲವೇ ಇಲ್ಲ ಅಲ್ವಾ? ಎಲ್‌ಎಸ್‌ಎಸ್ ಸಿಕ್ಕಿದ ಮಕ್ಕಳಿಗೆ ಅಕ್ಷರ ಕಲಿಸಿದ್ದು ಯಾರು?"

ಯಾರೂ ಮಾತಾಡಲಿಲ್ಲ. ಅವರು ಮುಂದುವರಿಸಿದರು. ಹಿಂದಿನ ವರ್ಷ ಅವರ ಕ್ಲಾಸಿಗೆ ತುಳು ಮಾತ್ರ ಗೊತ್ತಿದ್ದ ಒಬ್ಬ ಹುಡುಗ ಬಂದಿದ್ದ. ಅಕ್ಷರ ಬೇಗ ಕಲಿತ. 'ಅಜ್ಜಿ ಇಲ್ಲ' ಅಂತ ಬೋರ್ಡಿನಲ್ಲಿ ಬರೆದರೆ ಸರಿಯಾಗಿಯೇ ಓದಿದ. "ಅಜ್ಜಿ ಓಲುಲ್ಲೆರ್?" ಅಂತ ತುಳುವಿನಲ್ಲಿ ಕೇಳಿದರೆ "ಇಲ್ಲಡ್" ಅಂದ. ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ನಮ್ಮ ಇಲ್ಲಕ್ಕೆ ಅವರು ಇಜ್ಜಿ ಅನ್ನುತ್ತಾರೆ. ಅಜ್ಜಿ ಮನೆಯಲ್ಲಿದ್ದಾರೆ ಅಂತ ಅವನು ಓದಿಕೊಂಡಿದ್ದ. "ಅವನು ತಪ್ಪು ಓದಲಿಲ್ಲ, ತುಳುವಿನಲ್ಲಿ ಓದಿದ. ಅಲ್ಲಿಂದ ಅವನನ್ನು ಕನ್ನಡಕ್ಕೆ ಕರೆದುಕೊಂಡು ಬರಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅದನ್ನು ನೀವು ಯಾವ ಪರೀಕ್ಷೆಯಲ್ಲಿ ಅಳೆಯುತ್ತೀರಿ?" ಅಂದರು.

ನಾನು ತಲೆ ತಗ್ಗಿಸಿ ಕುಳಿತೆ.

ಹೆಡ್‌ಮಾಷ್ಟ್ರು ಇನ್ನೊಂದು ವಿಷಯ ನೆನಪಿಸಿದರು. ಸರ್ಕಾರಿ ನೌಕರರು ಹೊರಗಿನವರಿಂದ ಸುಮ್ನೆ ಹಣ ತಗೊಳ್ಳುವ ಹಾಗಿಲ್ಲ, ಅದಕ್ಕೆ ನಿಯಮ ಇದೆ. ಹಣ ಪಿಟಿಎ ಖಾತೆಗೆ ಬರಲಿ, ಹೇಗೆ ಖರ್ಚು ಮಾಡುವುದು ಅಂತ ನಾವು ಟೀಚರುಗಳೇ ಕೂತು ತೀರ್ಮಾನ ಮಾಡೋಣ ಅಂದರು. ಬಹುಮಾನವೇ ಬೇಡ ಅಂತಲೂ ಇಬ್ಬರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ದೂರದಲ್ಲಿದ್ದರೂ ಶಾಲೆಯನ್ನು ನೆನಪಿಟ್ಟುಕೊಂಡವರ ಹಣ ಅದು. ಒಳ್ಳೆಯ ಕೆಲಸವನ್ನು ಯಾರಾದರೂ ಗಮನಿಸುತ್ತಾರೆ ಅನ್ನುವ ಭಾವನೆ ಟೀಚರಿಗೂ ಬೇಕಲ್ವಾ?

ನಮ್ಮ ಕಡೆ ಟೀಚರ ಪ್ರಶಸ್ತಿ ಅಂದರೆ ಹಿರಿಯರಿಗೆ ನೆನಪಾಗುವುದು ಕಯ್ಯಾರ ಕಿಞ್ಞಣ್ಣ ರೈ. ಬದಿಯಡ್ಕದ ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದ ಕವಿ. 1969ರಲ್ಲಿ ಅವರಿಗೆ ಅತ್ಯುತ್ತಮ ಶಿಕ್ಷಕ ರಾಷ್ಟ್ರಪ್ರಶಸ್ತಿ ಬಂದಿತ್ತು. ಅದು ಒಂದು ಜೀವಮಾನದ ಕೆಲಸಕ್ಕೆ ಸಂದ ಗೌರವ. ಈಗ ಶಾಲಾ ಶಿಕ್ಷಕರಿಗೆ ಸಿಗುವ ರಾಷ್ಟ್ರಪ್ರಶಸ್ತಿ ಇಡೀ ದೇಶಕ್ಕೆ ವರ್ಷಕ್ಕೆ ಐವತ್ತರ ಆಸುಪಾಸು. ಸಿಕ್ಕಿದವರ ಬಗ್ಗೆ ನಮಗೆ ತುಂಬ ಅಭಿಮಾನ. ಆದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಕ್ಲಾಸಿನಲ್ಲಿ ಎಂತ ನಡೆಯುತ್ತದೆ ಅನ್ನುವುದನ್ನು ಅಂಥ ಪ್ರಶಸ್ತಿ ಬದಲಾಯಿಸುವುದಿಲ್ಲ. ಅದಕ್ಕೆ ಬೇರೇನೋ ಬೇಕು. ಏನು ಅಂತ ನಮಗೆ ಗೊತ್ತಿರಲಿಲ್ಲ.

ನನ್ನ ತಮ್ಮ ಅರ್ಥಶಾಸ್ತ್ರ ಓದಿದವನು. ಫೋನಿನಲ್ಲಿ ಈ ಗಲಾಟೆ ಹೇಳಿದೆ. "ಅಕ್ಕಾ, ಇದನ್ನು ಆಂಧ್ರದಲ್ಲಿ ಮಾಡಿ ನೋಡಿದ್ದಾರೆ" ಅಂದ. ಆ ರಾತ್ರಿ ಅವನು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅನ್ನುವ ಅರ್ಥಶಾಸ್ತ್ರಜ್ಞರು 2005ರಲ್ಲಿ ಆಂಧ್ರಪ್ರದೇಶದ ಹಳ್ಳಿಗಳ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಶುರು ಮಾಡಿದ ಅಧ್ಯಯನ ಅದು. ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. 100 ಶಾಲೆಗಳಲ್ಲಿ ಪ್ರತಿ ಟೀಚರಿಗೆ ಅವರವರ ಮಕ್ಕಳ ಪ್ರಗತಿ ನೋಡಿ ಬೋನಸ್. ಇನ್ನು 100 ಶಾಲೆಗಳಲ್ಲಿ ಶಾಲೆಯ ಎಲ್ಲ ಟೀಚರುಗಳಿಗೂ ಸೇರಿಸಿ ಬೋನಸ್. ಹೋಲಿಸಿ ನೋಡಲು ಏನೂ ಕೊಡದ ಶಾಲೆಗಳೂ ಇದ್ದವು. ಮಕ್ಕಳ ಸರಾಸರಿ ಅಂಕ ಶೇಕಡಾ 5ಕ್ಕಿಂತ ಮೇಲೆ ಎಷ್ಟು ಏರುತ್ತದೋ, ಪ್ರತಿ ಒಂದು ಶೇಕಡಾಕ್ಕೆ 500 ರೂಪಾಯಿ. ಟೀಚರುಗಳಿಗೆ ಸಿಕ್ಕಿದ ಬೋನಸ್ ಸರಾಸರಿ ಅವರ ವರ್ಷದ ಸಂಬಳದ ಶೇಕಡಾ 3ರಷ್ಟು ಮಾತ್ರ. ಆದರೂ ಎರಡು ವರ್ಷದ ನಂತರ ಆ ಶಾಲೆಗಳ ಮಕ್ಕಳು ಗಣಿತ, ಭಾಷೆ ಎರಡರಲ್ಲೂ ಉಳಿದವರಿಗಿಂತ ಚೆನ್ನಾಗಿ ಮುಂದಿದ್ದರು. ಬೋನಸ್ ಇಲ್ಲದ ವಿಜ್ಞಾನ, ಸಮಾಜದಲ್ಲೂ ಮುಂದೆ.

ನಾನು ಕೇಳಿದೆ, ಟೀಚರುಗಳ ರಜೆ ಕಡಿಮೆಯಾಯಿತಾ ಅಂತ. ಇಲ್ಲವಂತೆ. ಬಂದ ದಿನ ಮಾಡಿದ ಕೆಲಸ ಜಾಸ್ತಿಯಾಯಿತಂತೆ. ಜಾಸ್ತಿ ಮನೆಗೆಲಸ, ಶಾಲೆ ಬಿಟ್ಟ ಮೇಲೆ ಕ್ಲಾಸ್, ಅಭ್ಯಾಸ ಪರೀಕ್ಷೆ, ಹಿಂದುಳಿದ ಮಕ್ಕಳ ಕಡೆ ಗಮನ.

ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಬೇರೆ ಕೆಲವು ಶಾಲೆಗಳಿಗೆ ಬೋನಸ್ ಕೊಡದೆ, ಮಕ್ಕಳು ಎಲ್ಲೆಲ್ಲಿ ಹಿಂದಿದ್ದಾರೆ ಅನ್ನುವ ವಿವರವಾದ ವರದಿ ಮಾತ್ರ ಕೊಟ್ಟಿದ್ದರು. ಅಲ್ಲಿ ಮಕ್ಕಳ ಕಲಿಕೆಯಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ನಮಗೆ ಎಷ್ಟು ವರದಿ, ಎಷ್ಟು ಫಾರ್ಮ್ ಬರುತ್ತವೆ ಅಂತ ಯೋಚಿಸಿದೆ.

ಎಲ್ಲ ಕಡೆ ಬೋನಸ್ ಕೆಲಸ ಮಾಡಿದ್ದೂ ಇಲ್ಲ. ನ್ಯೂಯಾರ್ಕ್ ನಗರದಲ್ಲಿ 2007ರಿಂದ ಮೂರು ವರ್ಷ ಶಾಲೆಗಳಿಗೆ ಟೀಚರೊಬ್ಬರಿಗೆ 3,000 ಡಾಲರಿನ ಲೆಕ್ಕದಲ್ಲಿ ಬೋನಸ್ ಕೊಟ್ಟರು. ಮಕ್ಕಳ ಅಂಕ ಏರಲಿಲ್ಲ. ಟಾಂಜಾನಿಯದಲ್ಲಿ 2013–14ರಲ್ಲಿ 350 ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ಆಯಿತು. ಕೆಲವು ಶಾಲೆಗಳಿಗೆ ಖರ್ಚಿಗೆ ಹಣ ಮಾತ್ರ, ಕೆಲವಕ್ಕೆ ಟೀಚರ ಬೋನಸ್ ಮಾತ್ರ, ಕೆಲವಕ್ಕೆ ಎರಡೂ. ಬರೀ ಹಣ ಕೊಟ್ಟಲ್ಲಿ ಏನೂ ಆಗಲಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟಲ್ಲಿ ಮಕ್ಕಳು ಚೆನ್ನಾಗಿ ಕಲಿತರು.

ಈ ನೋಟ್‌ಬುಕ್ ಹಿಡಿದುಕೊಂಡು ಮುಂದಿನ ಮೀಟಿಂಗಿಗೆ ಹೋದೆ. ಎರಡು ಸಂಜೆ ಚರ್ಚೆ ಆಯಿತು. ಕೊನೆಗೆ ನಾವು ಎಲ್‌ಪಿ ವಿಭಾಗದ, ಅಂದರೆ ಒಂದರಿಂದ ನಾಲ್ಕನೇ ಕ್ಲಾಸಿನ, ನಾಲ್ವರು ಟೀಚರುಗಳು ಕೆಲವು ವಿಷಯ ಒಪ್ಪಿಕೊಂಡೆವು. ಎಲ್‌ಎಸ್‌ಎಸ್ ಲೆಕ್ಕಕ್ಕಿಲ್ಲ. ಜುಲೈಯಲ್ಲಿ ಮಗು ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು, ಅದೇ ಲೆಕ್ಕ. ಪರೀಕ್ಷೆಗೆ ಬಾರದ ಮಗು ಸೊನ್ನೆ, ಹಾಗಾಗಿ ಯಾರನ್ನೂ ಬಿಡುವ ಹಾಗಿಲ್ಲ. ತನ್ನ ಕ್ಲಾಸನ್ನು ತಾನೇ ಪರೀಕ್ಷೆ ಮಾಡುವ ಹಾಗಿಲ್ಲ. ಪ್ರಗತಿ ನಾಲ್ಕೂ ಕ್ಲಾಸಿನದ್ದು ಸೇರಿಸಿ, ಬಹುಮಾನ ನಾಲ್ವರಿಗೂ ಸೇರಿಸಿ. 30,000ದಲ್ಲಿ 18,000 ವರ್ಷದ ನಡುವೆ ನಮಗೆ ಸಹಾಯಕ್ಕೆ. ಉಳಿದ 12,000 ಮಾರ್ಚ್‌ನಲ್ಲಿ, ಟೀಚರುಗಳು ತಮ್ಮ ಕ್ಲಾಸಿಗೆ ಬೇಕಾದ್ದನ್ನು ಯಾರ ಒಪ್ಪಿಗೆಯನ್ನೂ ಕೇಳದೆ ತರಲು.

ಸಹಾಯ ಅಂದರೆ ಎಂತ? ನಮಗೆ ಬೇಕಾಗಿದ್ದು ಹೊತ್ತು. ಒಬ್ಬರು ಇನ್ನೊಬ್ಬರ ಕ್ಲಾಸಿನಲ್ಲಿ ಕೂತು ನೋಡಬೇಕಾದರೆ ಅವರ ಕ್ಲಾಸನ್ನು ಯಾರಾದರೂ ನೋಡಿಕೊಳ್ಳಬೇಕು. ಊರಿನಲ್ಲೇ ಟೀಚರ್ ತರಬೇತಿಯ ಡಿಎಲ್‌ಎಡ್ ಮುಗಿಸಿ, ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ವಾರಕ್ಕೆ ಎರಡು ಬೆಳಿಗ್ಗೆ ಅವಳು ಬರುವುದು, ಪಿಟಿಎಯಿಂದ ಅವಳಿಗೆ ಗೌರವಧನ ಅಂತ ನಿಶ್ಚಯವಾಯಿತು.

ಜುಲೈಯ ಪರೀಕ್ಷೆ ನಡೆದದ್ದು ಜಗಲಿಯಲ್ಲಿ. ಹೊರಗೆ ಜಡಿಮಳೆ. ನಡುವೆ ಮಳೆ ರಜೆಯೂ ಬಂತು, ಹಾಗಾಗಿ ಮುಗಿಸಲು ಎರಡು ವಾರ ಹಿಡಿಯಿತು. ಹಳ್ಳಿಯ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಬಳಸುವ ಹಾಗೆ ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಅಂತ ಮೆಟ್ಟಿಲು ಮಾಡಿದ್ದೆವು, ನಡುವೆ ಬಿಡಿ ವಾಕ್ಯದ ಒಂದು ಮೆಟ್ಟಿಲು ನಾವೇ ಸೇರಿಸಿದೆವು. ಒಬ್ಬೊಬ್ಬ ಮಗುವನ್ನೂ ಹತ್ತಿರ ಕೂರಿಸಿಕೊಂಡು ಓದಿಸಬೇಕು. ನನ್ನ ಕ್ಲಾಸನ್ನು ಓದಿಸಿದ್ದು ಒಂದನೇ ಕ್ಲಾಸಿನ ಟೀಚರ್.

ಅವರು ಸಂಜೆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. 23 ಮಕ್ಕಳಲ್ಲಿ 15 ಮಂದಿ ಪ್ಯಾರಾ ಅಥವಾ ಕಥೆ ಓದಿದ್ದರು. ಎಂಟು ಮಂದಿ ಪ್ಯಾರಾ ಓದಲಾಗದೆ ನಿಂತಿದ್ದರು. ಒತ್ತಕ್ಷರ ಬಂದ ಕೂಡಲೇ ಬಾಯಿ ಮುಚ್ಚಿಕೊಂಡವರು ನಾಲ್ವರು. ಆ ಎಂಟರಲ್ಲಿ ಇಬ್ಬರ ಹೆಸರು ನೋಡಿ ನನಗೆ ಆಶ್ಚರ್ಯವಾಯಿತು. ದಿನಾ ನೋಟ್ಸ್ ಚಂದ ಬರೆಯುತ್ತಿದ್ದ ಮಕ್ಕಳು ಅವರು. ಬೋರ್ಡಿನಲ್ಲಿದ್ದದ್ದನ್ನು ಚಿತ್ರ ಬಿಡಿಸಿದ ಹಾಗೆ ಇಳಿಸಿಕೊಳ್ಳುತ್ತಿದ್ದರು. ಒಂದು ತಿಂಗಳು ಅವರ ನೋಟ್‌ಬುಕ್ಕಿಗೆ ನಾನು ರೈಟ್ ಹಾಕಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕಿಂತ ಕಷ್ಟದ್ದು ಆಗಸ್ಟ್‌ನಲ್ಲಿ ಬಂತು. ಅದೇ ಟೀಚರ್ ನನ್ನ ಕನ್ನಡ ಪೀರಿಯಡ್‌ನಲ್ಲಿ ಹಿಂದೆ ಬಂದು ಕೂತರು. ಕೈಯಲ್ಲಿ ಹಾಜರಿ ಪಟ್ಟಿ. ನಾನು ಯಾರಿಗೆ ಪ್ರಶ್ನೆ ಕೇಳುತ್ತೇನೋ ಅವರ ಹೆಸರಿನ ಮುಂದೆ ಒಂದು ಚುಕ್ಕೆ. ಅಷ್ಟೇ. ಪಾಠ ಚೆನ್ನಾಗಿ ಆಯಿತು ಅಂತ ನನಗೆ ಖುಷಿಯಾಗಿತ್ತು. ಮಕ್ಕಳು ಕೈ ಎತ್ತಿ ಎತ್ತಿ ಉತ್ತರ ಹೇಳಿದ್ದರು. ಬೆಲ್ ಆದ ಮೇಲೆ ಪಟ್ಟಿ ನೋಡಿದೆ. ಐದು ಹೆಸರಿನ ಮುಂದೆ ಚುಕ್ಕೆಗಳ ಸಾಲು. ಹನ್ನೊಂದು ಹೆಸರಿನ ಮುಂದೆ ಖಾಲಿ. ಆ ಎಂಟು ಮಕ್ಕಳಲ್ಲಿ ಏಳು ಮಂದಿ ಖಾಲಿಯ ಪಟ್ಟಿಯಲ್ಲಿದ್ದರು.

ಅವರು ಒಂದು ಮಾತೂ ಬಯ್ಯಲಿಲ್ಲ. "ನನ್ನ ಕ್ಲಾಸಿಗೂ ಬನ್ನಿ. ನನ್ನದೂ ಹೀಗೇ ಇರಬಹುದು" ಅಂದರು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ನನ್ನ ಕ್ಲಾಸಿಗೆ ಎಷ್ಟೋ ಜನ ಬಂದು ನೋಡಿ ಹೋಗಿದ್ದಾರೆ. ರಿಜಿಸ್ಟರ್ ನೋಡಿದ್ದಾರೆ, ಟೀಚಿಂಗ್ ಮ್ಯಾನುವಲ್ ನೋಡಿ ಸಹಿ ಹಾಕಿದ್ದಾರೆ. ನನ್ನ ಜೊತೆಗಾರ್ತಿಯೊಬ್ಬರು ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತದ್ದು ಅದೇ ಮೊದಲು. ಮೊದಲೇ ಹೀಗೆ ಯಾರಾದರೂ ಕೂತಿದ್ದರೆ ಎಷ್ಟು ಮಕ್ಕಳು ಬಚಾವಾಗುತ್ತಿದ್ದರೋ ಅಂತ ಈಗಲೂ ಅನಿಸುತ್ತದೆ.

ಒತ್ತಕ್ಷರಕ್ಕೆ ದಾರಿ ತೋರಿಸಿದ್ದು ಆ ಡಿಎಲ್‌ಎಡ್ ಹುಡುಗಿ. ನಮ್ಮ ಊರುಗಳ ಹೆಸರು ಹಾಕಿ ಕಾರ್ಡ್ ಮಾಡಿಕೊಂಡು ಬಂದಳು. ಬದಿಯಡ್ಕ, ಮುಳ್ಳೇರಿಯ, ಪುತ್ತೂರು, ಪೆರ್ಲ, ನೀರ್ಚಾಲು. ಡ್ಕ, ಳ್ಳೇ, ತ್ತೂ ಮಕ್ಕಳ ಬಾಯಲ್ಲಿ ಆಗಲೇ ಇವೆ. ದಿನಾ ಬಸ್ಸಿನವರು ಕೂಗುವುದನ್ನು ಕೇಳಿದ್ದಾರೆ. ಕೇಳಿದ ಶಬ್ದ ಕಾಗದದ ಮೇಲೆ ಹೇಗೆ ಕಾಣುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. ಬೆಂಚುಗಳನ್ನು ಬಸ್ ಮಾಡಿದೆವು. ಸರಿಯಾಗಿ ಓದಿದವರು ಆ ಊರಿನಲ್ಲಿ ಇಳಿಯಬೇಕು. ಪೆರ್ಲ ಮತ್ತು ನೀರ್ಚಾಲಿನ ಅರ್ಕಾವೊತ್ತಿಗೆ ಮಾತ್ರ ತುಂಬ ದಿನ ಹಿಡಿಯಿತು. ಬಾಯಲ್ಲಿ ಮೊದಲು ಬರುವ ರಕಾರ ಬರೆಯುವಾಗ ಯಾಕೆ ಕೊನೆಗೆ ಹೋಗುತ್ತದೆ ಅಂತ ಮಗು ಕೇಳಿದರೆ ಉತ್ತರ ಹೇಳುವುದು ಸುಲಭ ಇಲ್ಲ.

ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರವರೆಗೆ ಎರಡು, ಮೂರು, ನಾಲ್ಕನೇ ಕ್ಲಾಸಿನ ಮಕ್ಕಳನ್ನು ಕ್ಲಾಸಿನ ಲೆಕ್ಕ ಬಿಟ್ಟು ಓದಿನ ಮಟ್ಟದ ಪ್ರಕಾರ ಕೂರಿಸಿದೆವು. ದೊಡ್ಡ ಮಕ್ಕಳಿಗೆ ಮೊದಲ ವಾರ ನಾಚಿಕೆ ಆಯಿತು. ಆಮೇಲೆ ಸರಿಹೋಯಿತು.

ಆ ನಡುವೆ ಒಂದು ತರಬೇತಿಗೆ ಕರೆದರು. ಎರಡು ದಿನ. ಓದು ಕಲಿಸುವುದರ ಬಗ್ಗೆಯೇ ಅಂತ ಆಸೆಯಿಂದ ಹೋದೆ. ಮಾತು ಪೂರ್ತಿ ಮಲಯಾಳದಲ್ಲಿ, ಕೊಟ್ಟ ಪುಸ್ತಕ ಮಲಯಾಳದಲ್ಲಿ, ಉದಾಹರಣೆಗಳೆಲ್ಲ ಮಲಯಾಳ ಅಕ್ಷರಗಳದ್ದು. ನನಗೆ ಮಲಯಾಳ ಅರ್ಥವಾಗುತ್ತದೆ. ಆ ಭಾಷೆಯ ಮೇಲೆ ನನಗೆ ಪ್ರೀತಿಯೂ ಇದೆ. ಆದರೆ ಕನ್ನಡದ ಒತ್ತಕ್ಷರ ಕಲಿಸಲು ಒದ್ದಾಡುತ್ತಿರುವ ಟೀಚರಿಗೆ ಅದರಿಂದ ಏನು ಸಿಗುತ್ತದೆ? ಕನ್ನಡದ ಕೈಪಿಡಿ ಆಮೇಲೆ ಬಂತು, ಅಷ್ಟರಲ್ಲಿ ಅರ್ಧ ಪಾಠ ಮುಗಿದಿತ್ತು. 1956ರ ನವೆಂಬರ್ 1ರಿಂದ ನಾವು ಕೇರಳದವರು. ಇಷ್ಟು ವರ್ಷವಾದರೂ ಕನ್ನಡ ಟೀಚರಿಗೆ ಕನ್ನಡದಲ್ಲಿ, ಸಮಯಕ್ಕೆ ಸರಿಯಾಗಿ ಸಹಾಯ ಸಿಗಬೇಕು ಅಂತ ಕೇಳುತ್ತಲೇ ಇರಬೇಕಾಗಿದೆ. ಬಹುಮಾನಕ್ಕಿಂತ ಮೊದಲು ಕೊಡಬೇಕಾದದ್ದು ಇದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನವೆಂಬರ್ ಕಲೋತ್ಸವಕ್ಕೆ ಹೋಯಿತು. ಅದೇ ತಿಂಗಳು ಎರಡನೇ ಕ್ಲಾಸಿನ ದಿನವೇತನದ ಟೀಚರಿಗೆ ಬೇರೆ ಕಡೆ ಕೆಲಸ ಸಿಕ್ಕಿ ಬಿಟ್ಟು ಹೋದರು. ಹೊಸಬರು ಬರಲು ಮೂರು ವಾರವಾಯಿತು. ಹಿಂದಿನ ವರ್ಷಗಳಲ್ಲಾದರೆ ಆ ಮಕ್ಕಳನ್ನು ಬೇರೆ ಕ್ಲಾಸಿನಲ್ಲಿ ಸುಮ್ಮನೆ ಕೂರಿಸುತ್ತಿದ್ದೆವು. ಈ ಸಲ ನಾವು ಮೂವರು ಪೀರಿಯಡ್ ಹಂಚಿಕೊಂಡೆವು. ಬಹುಮಾನ ನಾಲ್ಕು ಕ್ಲಾಸಿಗೂ ಸೇರಿ ಇದ್ದದ್ದು ಇದಕ್ಕೆ ಒಂದು ಕಾರಣ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ಆ ಮಕ್ಕಳ ಹೆಸರು, ಅವರು ಯಾವ ಮೆಟ್ಟಿಲಲ್ಲಿದ್ದಾರೆ ಅನ್ನುವುದು ನಮಗೆ ಬಾಯಿಪಾಠವಾಗಿತ್ತು. ಗೊತ್ತಿದ್ದ ಮೇಲೆ ಬಿಟ್ಟು ಹೋಗಲು ಆಗುವುದಿಲ್ಲ.

ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ ನಾನು ಸೋತೆ ಅಂತ ಅನಿಸಿತ್ತು. ಎಂಟರಲ್ಲಿ ಇಬ್ಬರು ಮಾತ್ರ ಮುಂದೆ ಹೋಗಿದ್ದರು. ಎಲ್‌ಎಸ್‌ಎಸ್ ಮಕ್ಕಳ ಒಬ್ಬರು ತಂದೆ ಬಂದು "ಟೀಚರ್, ಈ ಸಲ ನಮ್ಮ ಮಕ್ಕಳನ್ನು ಬಿಟ್ಟಿರಾ?" ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಿಜಕ್ಕೂ ನನ್ನ ಹೊತ್ತು ಹಂಚಿಹೋಗಿತ್ತು. ಶನಿವಾರ ಆ ಮಕ್ಕಳಿಗೆ ಬೇರೆ ಕ್ಲಾಸ್ ತೆಗೆದೆ. ಹೆಡ್‌ಮಾಷ್ಟ್ರು ಆ ತಂದೆಯನ್ನು ಕೂರಿಸಿ ಒಂದು ವಿಷಯ ಹೇಳಿದರು. ಆ ವರ್ಷದಿಂದ ಕೇರಳದಲ್ಲಿ ಎಂಟನೇ ಕ್ಲಾಸಿನವರು ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 30 ತೆಗೆಯಬೇಕು ಅಂತ ಆಗಿತ್ತು. ಈಗ ಪ್ಯಾರಾ ಓದಲು ಬಾರದ ಮಗು ನಾಲ್ಕು ವರ್ಷದ ನಂತರ ಅಲ್ಲಿ ಎಂತ ಬರೆಯುತ್ತದೆ ಅಂತ ಕೇಳಿದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯಲ್ಲಿದ್ದ ಕಥೆಪುಸ್ತಕಗಳನ್ನು ಮಗನ ಕೈಯಲ್ಲಿ ಕಳಿಸುತ್ತೇನೆ ಅಂದರು. ಕಳಿಸಿದರು ಕೂಡ.

ಮಾರ್ಚ್‌ನಲ್ಲಿ ಮತ್ತೆ ಅದೇ ಜಗಲಿ. ಈ ಸಲ ಸೆಕೆ. ಎಂಟರಲ್ಲಿ ಐವರು ಪ್ಯಾರಾ ಓದಿದರು. ಅವರಲ್ಲಿ ಒಬ್ಬಳು ಕಥೆಯನ್ನೂ ಓದಿ ಮುಗಿಸಿ, ಇನ್ನೊಂದು ಇದೆಯಾ ಅಂತ ಕೇಳಿದಳಂತೆ. ಮೂವರು ಓದಲಿಲ್ಲ. ಒಬ್ಬಳ ಮನೆಯವರು ಕೆಲಸಕ್ಕೆ ಅಂತ ಘಟ್ಟದ ಮೇಲೆ ಹೋಗಿ ಮೂರು ತಿಂಗಳು ಬಂದಿರಲಿಲ್ಲ. ಇನ್ನೊಬ್ಬ ಪದದಿಂದ ವಾಕ್ಯಕ್ಕೆ ಬಂದಿದ್ದ. ಮತ್ತೊಬ್ಬ ಇದ್ದಲ್ಲೇ ಇದ್ದ. ಯಾಕೆ ಅಂತ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಎಲ್‌ಎಸ್‌ಎಸ್ ಈ ಸಲ ಇಬ್ಬರಿಗೆ ಸಿಕ್ಕಿತು.

ಗಲ್ಫ್‌ನವರು ವಿಡಿಯೋ ಕಾಲ್ ಮಾಡಿ ಯಾರು ಫಸ್ಟ್ ಅಂತ ಕೇಳಿದರು. ಹೆಡ್‌ಮಾಷ್ಟ್ರು ನಾಲ್ವರನ್ನೂ ನಿಲ್ಲಿಸಿದರು. ಜುಲೈಯ ಹಾಳೆ, ಮಾರ್ಚ್‌ನ ಹಾಳೆ ಎರಡನ್ನೂ ಫೋನಿಗೆ ಹಿಡಿದು ತೋರಿಸಿದರು. ಅವರಲ್ಲೊಬ್ಬರು ಸಣ್ಣವರಿದ್ದಾಗ ತಾವೂ ತುಂಬ ದಿನ ಓದಲು ಬಾರದೆ ಕೂತಿದ್ದನ್ನು ಹೇಳಿದರು. ಮುಂದಿನ ವರ್ಷವೂ ಹಣ ಬರುತ್ತದೆ ಅಂತ ಆಯಿತು. 12,000ದಲ್ಲಿ ನನ್ನ ಪಾಲಿಗೆ ಬಂದದ್ದರಲ್ಲಿ ದೊಡ್ಡ ಅಕ್ಷರದ ಕಥೆಪುಸ್ತಕ ತಂದೆ. ಒಂದನೇ ಕ್ಲಾಸಿನ ಟೀಚರ್ ತಮ್ಮ ಪಾಲಿನಿಂದ ಒಂದು ಸಣ್ಣ ಸ್ಪೀಕರ್ ತಗೊಂಡರು, ಮಕ್ಕಳಿಗೆ ತುಳು ಕಥೆಯನ್ನೂ ಕನ್ನಡ ಕಥೆಯನ್ನೂ ಕೇಳಿಸಬೇಕು ಅಂತ.

2025ರ ಜೂನ್‌ನಲ್ಲಿ ಆ ಮಕ್ಕಳು ಐದನೇ ಕ್ಲಾಸಿಗೆ ಹೋದರು. ಆರನೇ ದಿನದ ಲೆಕ್ಕದ ಗಡಿಬಿಡಿ ಮುಗಿದ ಸಂಜೆ ಐದನೇ ಕ್ಲಾಸಿನ ಮಾಷ್ಟ್ರನ್ನು ಹುಡುಕಿಕೊಂಡು ಹೋಗಿ ನನ್ನ ನೋಟ್‌ಬುಕ್ ಕೊಟ್ಟೆ. ಮೂವರ ಹೆಸರಿರುವ ಪುಟದಲ್ಲಿ ಊರಿನ ಹೆಸರಿನ ಕಾರ್ಡುಗಳನ್ನು ಇಟ್ಟಿದ್ದೆ. ಅವರು ಪುಟ ಬಿಡಿಸಿ, ಇದ್ದಲ್ಲೇ ಇದ್ದ ಹುಡುಗನ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: "ಇವನ ಪಕ್ಕ ಯಾರನ್ನು ಕೂರಿಸಲಿ, ಟೀಚರ್?"